ಮುಚ್ಚಳವಿಲ್ಲದ ಗಡಿಗೆ

ಹುಲಿಗೆವ್ವ ಊರಿನ ಸೂಲಗಿತ್ತಿ. ವಯಸ್ಸಾಯಿತು, ಮರೆವು ಹತ್ತಿತು. ಯಾರಿಗೆ ಯಾವ ಬೇರು ಕೊಟ್ಟೆ, ಯಾರಿಗೆ ಎಷ್ಟನೇ ತಿಂಗಳು, ಒಂದೂ ತಲೆಯಲ್ಲಿ ನಿಲ್ಲದು. ಮಾತು ಹಿಡಿದಿಡುವ ಗಡಿಗೆ ತರೋಣ ಅಂತ ಸಂತೆಗೆ ಹೋದಳು. ಆಗ ಅಂಥವೂ ಸಿಗುತ್ತಿದ್ದವು ಮಕ್ಕಳೇ. ಗಡಿಗೆಯೊಳಗೆ ಹೇಳಿಟ್ಟರೆ ಆಯಿತು. ಬೇಕಾದಾಗ ಕಿವಿಯಿಟ್ಟರೆ ನಿಮ್ಮ ಮಾತು ನಿಮ್ಮದೇ ದನಿಯಲ್ಲಿ ವಾಪಸು.

ಕುಂಬಾರರ ಈರವ್ವನ ಹತ್ತಿರ ಮುಚ್ಚಳವಿದ್ದ ಕರೀ ಗಡಿಗೆ ಇತ್ತು. "ಮುಚ್ಚಳಕ್ಕೆ ನೀನೇ ಗಂಟು ಹಾಕಬೇಕು. ಗಂಟು ಹಾಕಿದ ಬಗೆ ಮರೆತರೆ ಗಡಿಗೆ ಮಾಡಿದ ನಾನೂ ಬಿಚ್ಚಲಾರೆ, ನೋಡು," ಅಂದಳು. ಅದಕ್ಕೆ ಒಂದು ಮೊರ ಜೋಳ ಕೊಡಬೇಕು.

ಪಕ್ಕದಲ್ಲಿ ಯಾರೋ ಪರವೂರಿನವನು ಮಿರಮಿರ ಮಿಂಚುವ ಗಡಿಗೆಗಳನ್ನು ಪುಕ್ಕಟೆ ಹಂಚುತ್ತಿದ್ದ. ಅರ್ಧ ಊರು ಅಲ್ಲೇ ಇತ್ತು.

"ಇದಕ್ಕ ಮುಚ್ಚಳ ಎಲ್ಲೈತಪ್ಪಾ?" ಅಂದಳು ಹುಲಿಗೆವ್ವ.

"ಮುಚ್ಚಿದರ ಮಾತಿಗೆ ಉಸಿರು ಕಟ್ತದ ಯವ್ವಾ."

"ಪುಕ್ಕಟೆ ಕೊಟ್ರ ನಿನ್ನ ಹೊಟ್ಟಿ ಹೆಂಗ ತುಂಬತೈತಿ?"

ಅವನು ಬರೀ ನಕ್ಕ. ಇವಳೂ ಮತ್ತೆ ಕೇಳಲಿಲ್ಲ. ಗಡಿಗೆ ಕಂಕುಳಿಗೇರಿಸಿ ಬಂದಳು.

ಆಮೇಲೆ ನೀಲವ್ವ ಬಂದಳು. ಅವಳಿಗೆ ಹಿಂದಿನ ಬಸಿರು ನಿಂತಿರಲಿಲ್ಲ. ಇನ್ನೊಂದು ಹೋದರೆ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಅಂದಿದ್ದಳು ಅತ್ತೆ. ಈಗ ಮತ್ತೆ ಮೂರು ತಿಂಗಳು.

"ಐದು ತುಂಬೋತನಕ ಯಾರಿಗೂ ಗೊತ್ತಾಗಬಾರದು ಆಯಿ."

"ನನ್ನ ಬಾಯಿಂದ ಹೊರಗ ಬರಂಗಿಲ್ಲ, ಹೋಗು."

ಅವಳು ಅತ್ತ ಹೋದಳು. ಹುಲಿಗೆವ್ವ ಇತ್ತ ಒಮ್ಮೆ ಕೆಮ್ಮಿ ಗಡಿಗೆಗೆ ಪಿಸುಗುಟ್ಟಿದಳು. "ನೀಲವ್ವ. ಮೂರು ತಿಂಗಳು. ಅತ್ತೆಗೆ ತಿಳಿಸಬಾರದು."

ಮಾರನೆಯ ಮುಂಜಾನೆ ನೀಲವ್ವನ ಬಾಗಿಲಲ್ಲಿ ತೊಟ್ಟಿಲು ಮಾರುವವನು ನಿಂತಿದ್ದ. ಅವನ ಹಿಂದೆ ತಾಯತ ಮಾರುವವನು. ಯಾರೂ ಅವರನ್ನು ಕರೆದಿರಲಿಲ್ಲ. ಇಬ್ಬರಿಗೂ ಅವಳ ಹೆಸರು ಗೊತ್ತಿತ್ತು. ಇಬ್ಬರ ಕಂಕುಳಲ್ಲೂ ಮಿರಮಿರ ಮಿಂಚುವ ಗಡಿಗೆ.

"ತೊಟ್ಟಿಲು ಯಾರಿಗಪ್ಪಾ?" ಅತ್ತೆ ಕೇಳಿದಳು.

"ನಿಮ್ಮ ಸೊಸಿಗೆ. ಮೂರು ತಿಂಗಳು, ಅಲ್ಲೇನು?"

ಅತ್ತೆ ಸೊಸೆಯ ಕಡೆ ತಿರುಗಿದಳು. "ನನ್ನಿಂದ ಮುಚ್ಚಿಟ್ಟಿ. ತವರಿಗೆ ನಡಿ. ಕೂಸು ಎತ್ಕೊಂಡರ ಬಾ, ಇಲ್ಲಾಂದ್ರ ಅಲ್ಲೇ ಇರು."

ನೀಲವ್ವ ಗಂಟು ಕಟ್ಟಿಕೊಂಡು ಮೊದಲು ಬಂದಿದ್ದು ಹುಲಿಗೆವ್ವನ ಮನೆಗೆ. "ನಿನಗೊಬ್ಬಾಕಿಗೇ ಹೇಳಿದ್ದೆ ಆಯಿ."

"ನಾ ಯಾರ ಮುಂದೂ ಆಡಿಲ್ಲ ಮಗಳ."

"ಮತ್ತ ಯಾರು ಹೇಳಿದರು?"

ಗೋಡೆಯ ಗೂಡಿನಲ್ಲಿದ್ದ ಗಡಿಗೆ, ಯಾರೂ ಕಿವಿಯಿಡದೆ, ಹುಲಿಗೆವ್ವನ ದನಿಯಲ್ಲೇ ಅಂದಿತು. "ನೀಲವ್ವ. ಮೂರು ತಿಂಗಳು."

ಮುದುಕಿ ಅದರ ಬಾಯಿಗೆ ಬಟ್ಟೆ ತುರುಕಿದಳು. ಅದು ನಿಲ್ಲಲಿಲ್ಲ. ಅಂಗಳಕ್ಕೆ ಎತ್ತಿ ಒಗೆದಳು. ಗಡಿಗೆ ಚೂರುಚೂರಾಯಿತು, ಸದ್ದು ಅಡಗಿತು. ಇಬ್ಬರೂ ಉಸಿರು ಬಿಡುವಷ್ಟರಲ್ಲಿ ಪಕ್ಕದ ಮನೆಯ ಗಡಿಗೆಯಿಂದ ಅದೇ ದನಿ ಬಂತು. ಆಮೇಲೆ ಅದರಾಚೆ ಮನೆಯಿಂದ. ಹುಲಿಗೆವ್ವನ ಕೆಮ್ಮು ಕೂಡ ಹಾಗೇ ಇತ್ತು.

ನೀಲವ್ವ ಎದ್ದು ತವರಿನ ದಾರಿ ಹಿಡಿದಳು. ಅವಳಿಗೆ ಕೂಸು ನಿಂತಿತೋ ಇಲ್ಲವೋ, ಹುಲಿಗೆವ್ವನಿಗೆ ಯಾರೂ ಹೇಳಲಿಲ್ಲ. ಹೆಂಗಸರು ಈಗಲೂ ಬರುತ್ತಾರೆ. ಎಲ್ಲಿ ನೋವು ಮಗಳ ಅಂದರೆ ಒಂದು ಸಲ ಸುತ್ತ ಗೋಡೆ ನೋಡುತ್ತಾರೆ.

"ಏನಿಲ್ಲ ಆಯಿ," ಅನ್ನುತ್ತಾರೆ.

ನೀತಿ: ಫೋನಿನಲ್ಲಿ ಬರೆದಿಡುವ ಆಪ್ ಆರಿಸುವಾಗ ಪುಕ್ಕಟೆಯೋ ಅಂತ ನೋಡಬೇಡಿ, ಬೀಗದ ಕೀಲಿ ಯಾರ ಕೈಯಲ್ಲಿದೆ ಅಂತ ಕೇಳಿ. ಉತ್ತರ ಬರುವತನಕ ಬಿಡಬೇಡಿ. ನೀವು ಬರೆದಿಡುವ ಗುಟ್ಟು ನಿಮ್ಮದಷ್ಟೇ ಅಲ್ಲ, ನಿಮ್ಮನ್ನು ನಂಬಿ ಹೇಳಿದವರದೂ ಹೌದು.