ಗಂಟೆ ಹೊಯ್ಯುವ ದೇವೀರಿ ಮತ್ತು ರಾಣಿಯ ಫಿರಂಗಿ

ಕರಿಗುಡ್ಡದ ರಾಣಿ ನಾಗಲಾಂಬೆ ನೀರು ಕುಡಿಯುವ ಮುಂಚೆ ಲೋಟವನ್ನು ಉಗುರಿನಿಂದ ಒಮ್ಮೆ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. ದನಿ ಸಪ್ಪೆಯಾಗಿದ್ದರೆ ಒಳಗೆ ಬಿರುಕಿದೆ ಅಂತ, ಲೋಟ ಬದಲಾಗಬೇಕು. ಮೂಡಣ ಬುರುಜಿನ ಫಿರಂಗಿ ಸಿಡಿದು, ಅದಕ್ಕೆ ಬತ್ತಿ ಇಟ್ಟ ಗೋಲಂದಾಜರೇ ಸತ್ತ ದಿನದಿಂದ ಅಂಟಿದ ಅಭ್ಯಾಸ ಅದು. ಅವತ್ತು ಶತ್ರುಗಳಲ್ಲಿ ಒಬ್ಬನಿಗೂ ಗೀರು ಬಿದ್ದಿರಲಿಲ್ಲ.

ಅದಾದ ಮೇಲೆ ಊರೂರಲ್ಲಿ ಡಂಗುರ ಹೊಡೆಸಿದರು.

“ಕೇಳ್ರಪ್ಪೋ ಕೇಳಿ! ಒಡೆಯದ ಫಿರಂಗಿ ಎರಕ ಹೊಯ್ಯುವ ದಾರಿ ಹುಡುಕುವವರಿಗೆ ಎರಕದಮನೆ, ತಾಮ್ರ, ತವರ, ಇದ್ದಿಲು, ಆಳುಕಾಳು, ಎಲ್ಲದರ ಖರ್ಚೂ ಅರಮನೆಯದು! ಮೊದಲು ರಾಣಿಯವರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆ ಹೋಗುತ್ತೆ! ಕೆಟ್ಟ ಫಿರಂಗಿಗೆ ಗೋಲಂದಾಜ ಸಾಯೋದಾದರೆ ಹೊಯ್ಯೋಕೆ ಬರೋರೂ ತಲೆ ಒಡ್ಡಲಿ!”

ಕೊನೆಯ ಮಾತು ಕೇಳಿ ಬಹಳ ಜನ ಮನೆಯಲ್ಲೇ ಉಳಿದರು. ಬಂದವರು ಮೂವರು. ಒಬ್ಬ ಅರಮನೆಗೆ ಆಯುಧ ಒದಗಿಸುವ ಗುತ್ತಿಗೆದಾರ ರಾಚಪ್ಪ. ಇನ್ನೊಬ್ಬ ಕೋಟೆಯ ಫಿರಂಗಿಗಳನ್ನು ಹೊಯ್ದ ಮೇಸ್ತ್ರಿ ವೀರಾಚಾರಿ. ಮೂರನೆಯವಳು ದೇವೀರಿ. ದನದ ಕೊರಳಿಗೆ ಕಟ್ಟುವ ಗಂಟೆ ಹೊಯ್ದು ಬದುಕುವವಳು. ಮಸಿ ಹೋಗದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಬದ ಪಕ್ಕ ನಿಂತಿದ್ದಳು.

“ಏನಮ್ಮ, ಫಿರಂಗಿಯನ್ನ ಎಮ್ಮೆ ಕೊರಳಿಗೆ ಕಟ್ಟೋಕೆ ಬಂದ್ಯಾ?” ಅಂದ ವೀರಾಚಾರಿ.

“ನಮ್ಮಣ್ಣ ಬೊಮ್ಮಣ್ಣ ಬಡಗಣ ಬುರುಜಿನ ಗೋಲಂದಾಜ, ಮೇಸ್ತ್ರಿ. ಅಲ್ಲಿರೋದು ಒಡೆದ ಫಿರಂಗಿಯ ಜೊತೆಗೇ ನೀವು ಹೊಯ್ದದ್ದು.”

ವೀರಾಚಾರಿ ಮೀಸೆ ಸವರಿಕೊಂಡು ಮುಖ ತಿರುಗಿಸಿದ.

ರಾಣಿ ಮೊದಲನೆಯ ಒಗಟು ಕೇಳಿದರು. “ಒಬ್ಬ ತಾಯಿ. ಹೊಟ್ಟೆ ತುಂಬ ಬೆಂಕಿ ಕುಡಿದು ಕೂರ್ತಾಳೆ. ಬೆಂಕಿ ತಣ್ಣಗಾದ ಮೇಲೆ ಅವಳನ್ನ ಒಡೆದರೆ ಮಾತ್ರ ಮಗು ಈಚೆ ಬರುತ್ತೆ. ಯಾರವಳು?”

“ಸಿಡಿಮದ್ದಿನ ಗಡಿಗೆ!” ರಾಚಪ್ಪ ತಡೆಯಲಾರದೆ ಕೂಗಿದ.

“ಮದ್ದಿನ ಗಡಿಗೆ ತಣ್ಣಗಾಗೋತನಕ ಕಾಯುತ್ತಾ, ರಾಚಪ್ಪ?” ರಾಣಿ ಕಣ್ಸನ್ನೆ ಮಾಡಿದರು. ಭಟರು ಅವನ ರಟ್ಟೆ ಹಿಡಿದು ಗೋಡೆಯ ಹತ್ತಿರ ನಿಲ್ಲಿಸಿದರು. ಸಂಜೆಗೆ ಅವನ ತಲೆ ಉರುಳಬೇಕು.

ದೇವೀರಿ ಕಂಬ ಬಿಟ್ಟು ಮುಂದೆ ಬಂದಳು. “ಮಣ್ಣಿನ ಅಚ್ಚು, ತಾಯಿ. ಕರಗಿದ ಕಂಚು ಕುಡೀತಾಳೆ. ಅವಳನ್ನ ಒಡೀದೆ ಯಾವ ಗಂಟೆಯೂ ಹುಟ್ಟಲ್ಲ.” ವೀರಾಚಾರಿಯೂ ತನ್ನ ಉತ್ತರ ಅದೇ ಅಂದ.

“ಸರಿ. ಎರಡನೇದು. ಮನೆಗೆ ಆಕಾರ ಕೊಟ್ಟವನಿಗೇ ಅಲ್ಲಿ ಇರೋಕೆ ಜಾಗವಿಲ್ಲ. ಬಿಸಿ ತಾಗಿದ್ದೇ ಕಣ್ಣೀರಾಗಿ ಹೊರಟುಹೋಗ್ತಾನೆ. ಹೋದರೂ ಅವನ ಮೈಕಟ್ಟು ಮನೆಯೊಳಗೇ ಉಳಿಯುತ್ತೆ.”

“ಜೇನುಮೇಣ!” ವೀರಾಚಾರಿ, ದೇವೀರಿ ಇಬ್ಬರೂ ಒಟ್ಟಿಗೇ ಅಂದರು. ಮೇಣದ ಬೊಂಬೆಗೆ ಮಣ್ಣು ಮೆತ್ತಿ ಸುಟ್ಟರೆ ಮೇಣ ಹರಿದುಹೋಗಿ, ಆ ಟೊಳ್ಳಿನಲ್ಲಿ ಲೋಹ ಕೂರುವುದು ಇಬ್ಬರ ಮನೆಯಲ್ಲೂ ನಿತ್ಯದ ಕೆಲಸ. ಇಬ್ಬರೂ ಉಳಿದರು.

ರಾಣಿ ಮೂರನೆಯದಕ್ಕೆ ಬಂದರು. “ಬೊಕ್ಕಸದ ಹಣ ಕೊಟ್ಟು ಒಂದನ್ನ ಕೊಳ್ಳಬೇಕು. ಕೊಂಡದ್ದನ್ನ ಕೋಟೆ ಮೇಲೆ ಇಡೋ ಹಾಗಿಲ್ಲ, ಮಾರೋ ಹಾಗಿಲ್ಲ, ಕರಗಿಸೋ ಹಾಗೂ ಇಲ್ಲ. ಅದಿಲ್ಲದೆ ಕೋಟೆ ಉಳಿಯೋದೂ ಇಲ್ಲ. ಏನದು?”

“ಅದು ನನ್ನ ಕೈಚಳಕ, ಮಹಾತಾಯಿ,” ವೀರಾಚಾರಿ ಎದೆ ಉಬ್ಬಿಸಿದ.

“ನಿನ್ನ ಕೈಚಳಕವನ್ನ ಆಗಲೇ ಕೋಟೆ ಮೇಲೆ ಇಟ್ಟಿದ್ದೆ. ಸಿಡಿದದ್ದು ಅದೇ.”

ಅವನೂ ಗೋಡೆಯ ಹತ್ತಿರ ಹೋದ. ಈಗ ಎಲ್ಲರ ಕಣ್ಣೂ ದೇವೀರಿಯ ಮೇಲೆ. ಅವಳು ಮಸಿಬೆರಳುಗಳನ್ನು ಸೆರಗಿನಿಂದ ಹೊರಗೆ ತೆಗೆದಳು.

“ಕೆಟ್ಟ ಎರಕ, ತಾಯಿ.”

ಸಭೆ ಗೊಳ್ಳೆಂದು ನಕ್ಕಿತು. ರಾಣಿ ನಗಲಿಲ್ಲ. “ಬಿಡಿಸಿ ಹೇಳು.”

“ನಮ್ಮಲ್ಲಿ ಎರಕ ಕೆಟ್ಟರೆ ಯಾರೂ ನೋಡೋದರೊಳಗೆ ಮತ್ತೆ ಮೂಸೆಗೆ ಹಾಕಿ ಕರಗಿಸಿಬಿಡ್ತೀವಿ. ನಾಚಿಕೆ ಆಗುತ್ತಲ್ಲ. ಲೋಹವೂ ದಂಡವಾಗಬಾರದು. ಎಲ್ಲಿ ಕೆಟ್ಟಿತು ಅನ್ನೋದೂ ಅದರ ಜೊತೆಗೇ ಕರಗಿಹೋಗುತ್ತೆ. ಆಮೇಲೆ ಅದೇ ತಪ್ಪು ಬುರುಜು ಹತ್ತುತ್ತೆ. ಕೆಟ್ಟದ್ದನ್ನ ಅರಮನೆ ಕೊಂಡುಕೊಂಡರೆ ಯಾರೂ ಬಚ್ಚಿಡಲ್ಲ. ಸೀಳಿ, ಒಳಗೆ ಎಲ್ಲಿ ಗುಳ್ಳೆ, ಎಲ್ಲಿ ಬಿರುಕು ಅಂತ ನೋಡಬಹುದು.”

“ಹಾಗಾದರೆ ನಮ್ಮ ಫಿರಂಗಿ ಯಾಕೆ ಒಡೀತು ಅಂತ ನಿನಗೆ ಗೊತ್ತು.”

“ಗೊತ್ತಿಲ್ಲ, ತಾಯಿ.”

“ಗೊತ್ತಿಲ್ಲದೇ ಹಣ ಕೇಳೋಕೆ ಬಂದಿದ್ದಾಳೆ ನೋಡಿ!” ಗೋಡೆಯ ಹತ್ತಿರದಿಂದಲೇ ರಾಚಪ್ಪ ಕಿರುಚಿದ.

“ಗೊತ್ತಿದ್ದಿದ್ದರೆ ಹಣ ಯಾಕೆ ಕೇಳ್ತಿದ್ದೆ, ಅಣ್ಣ? ಹುಡುಕೋಕೆ ಕೇಳ್ತಿದ್ದೀನಿ.”

ರಾಣಿ ಎದ್ದು ನಿಂತರು. “ಸಿಡಿದ ಫಿರಂಗಿಯ ಚೂರು ತರಿಸಿ ಅಂದಿದ್ದೆ. ಅಷ್ಟರಲ್ಲಿ ಎರಕದಮನೆಯವರು ಅದನ್ನ ಕರಗಿಸಿಬಿಟ್ಟಿದ್ದರು. ಯಾರ ಗಂಡ, ಯಾರ ಮಗ ಯಾಕೆ ಸತ್ತ ಅಂತ ಹೇಳೋಕೆ ನನ್ನ ಹತ್ತಿರ ಒಂದು ಚೂರೂ ಉಳಿದಿರಲಿಲ್ಲ. ಆ ಒಗಟು ಹುಟ್ಟಿದ್ದು ಅವತ್ತು.” ಬೊಕ್ಕಸದ ಭಂಡಾರಿಯ ಕಡೆ ತಿರುಗಿದರು. “ಎರಕದಮನೆ ಇವಳದು. ಕೆಟ್ಟ ಎರಕಕ್ಕೂ ಒಳ್ಳೆಯದರಷ್ಟೇ ಬೆಲೆ ಕೊಡಿ. ಕೆಟ್ಟಿತು ಅಂತ ಯಾರನ್ನೂ ದಂಡಿಸಬೇಡಿ.” ಗೋಡೆಯ ಹತ್ತಿರ ನಿಂತವರನ್ನು ನೋಡಿದರು. “ಕೆಟ್ಟದ್ದನ್ನ ಕರಗಿಸಬಾರದು ಅಂತ ಈಗ ತಾನೇ ಒಪ್ಪಿದೆ. ದೇವೀರಿ, ಈ ಎರಡು ಕೆಟ್ಟ ಎರಕಗಳನ್ನೂ ಕರ್ಕೊಂಡು ಹೋಗು, ತಿದಿ ಒತ್ತಿ ನಿನ್ನ ಕುಲುಮೆಗೆ ಗಾಳಿ ಊದಲಿ.”

“ತಿದಿ ಒತ್ತೋಕೆ ನನಗೆ ಸೊಂಟ ನೋವು,” ಅಂದ ವೀರಾಚಾರಿ. ಅವನ ಕಣ್ಣು ಮಾತ್ರ ಒದ್ದೆಯಾಗಿತ್ತು.

“ಎಷ್ಟು ಕಾಲ ಬೇಕು?” ರಾಣಿ ಕೇಳಿದರು.

“ಎರಡು ಬೇಸಿಗೆಯಾದರೂ ಬೇಕು, ತಾಯಿ. ಅಲ್ಲೀವರೆಗೂ ಹಳೇ ಫಿರಂಗಿಗಳಿಗೆ ಬತ್ತಿ ಇಡೋದು ಬೇಡ ಅಂತ ಅಪ್ಪಣೆ ಕೊಡಿ.”

ರಾಣಿ ಕಿಟಕಿಯ ಹತ್ತಿರ ಹೋದರು. ಹೊಳೆಯಾಚೆ ಶತ್ರುವಿನ ಡೇರೆಗಳು ನಿನ್ನೆಗಿಂತ ಹೆಚ್ಚಾಗಿದ್ದವು; ಅವರನ್ನು ತಡೆಯಲು ಇದ್ದದ್ದು ಆ ಹಳೇ ಫಿರಂಗಿಗಳೇ. ರಾಣಿ ಅಪ್ಪಣೆ ಕೊಡದೆ ಸಭೆಗೆ ಬೆನ್ನು ಮಾಡಿಯೇ ನಿಂತರು.

ದೇವೀರಿ ಕದಲಲಿಲ್ಲ. “ನಮ್ಮಣ್ಣನ್ನ ಬುರುಜಿಂದ ಕೆಳಗಿಳಿಸಿ, ತಾಯಿ,” ಅಂತ ಈ ಸಲ ನೇರವಾಗೇ ಕೇಳಿದಳು.