ಸಾಹೇಬರು ಹಿಡಿದ ಪೈಪು

ಇಂಜಿನಿಯರ್ ಅಂಕಲಗಿ ಸಾಹೇಬರ ಜೀಪು ಗುಡ್ಡ ಹತ್ತಲಾರದೆ ಮಕ್ತುಂಸಾಬನ ಗ್ಯಾರೇಜಿಗೆ ಬಂತು. ಮೂರು ಗಂಟೆಗೆ ಸಾಹೇಬರು ಮೇಲಿನ ಡ್ಯಾಮಿನಲ್ಲಿರಬೇಕು.

"ಇಂಜಿನ್ನಿಗೆ ಗಾಳಿ ತುಂಬೋ ಟರ್ಬೋನ ಹೋಗೇತಿ. ಪೂರಾ ಬಿಚ್ಚು. ನಾ ಹೇಳಿದಂಗ ಮಾಡು!"

ಅದನ್ನು ಬಿಚ್ಚಿದರೆ ಜೀಪು ಹೊರಡುವುದು ನಾಳೆಯೇ. ಮಕ್ತುಂಸಾಬ ಟರ್ಬೋದ ಪಕ್ಕದ ಡಬ್ಬಿಯ ಪೈಪನ್ನು ಬಾಯಿಂದ ಹೀರಿದ. ಡಬ್ಬಿಯ ಕಡ್ಡಿ ಅಲುಗಲಿಲ್ಲ.

"ಟರ್ಬೋ ಚಲೋ ಐತ್ರಿ. ಅದರ ಬಾಗಿಲು ಎಳಿಯೋ ಈ ಡಬ್ಬಿ, ಆಕ್ಚುಯೇಟರ್, ಅದರೊಳಗಿನ ರಬ್ಬರ್ ಹರದೈತಿ."

"ನನಗ ಪಾಠ ಹೇಳ್ತಿಯೇನು?" ಸಾಹೇಬರು ಒಂದೊಂದು ನಟ್ಟಿಗೂ ಹತ್ತು ಸಲಹೆ ಕೊಡತೊಡಗಿದರು.

ಮಕ್ತುಂಸಾಬ ಹೊಸ ಆಕ್ಚುಯೇಟರಿಗೆ ಉದ್ದನೆಯ ಪೈಪು ಸಿಕ್ಕಿಸಿ ತುದಿಯನ್ನು ಅವರ ಕೈಗಿಟ್ಟ. "ಪರೀಕ್ಷೆ ನೀವ ಮಾಡ್ರಿ ಸಾಹೇಬ್ರ. ಹೀರಿ, ನಾಲಿಗಿ ಒತ್ತಿ ಹಿಡೀರಿ. ನಾ ಹೇಳೋತನಕ ಬಿಡಬ್ಯಾಡ್ರಿ."

ಸಾಹೇಬರು ಹೀರಿದರು. ಕಡ್ಡಿ ಸರ್ರನೆ ಸರಿಯಿತು, ನಾಲಿಗೆ ಪೈಪಿಗೆ ಅಂಟಿತು. ಇನ್ನೆಷ್ಟು ಹೊತ್ತು, ಯಾತಕ್ಕೆ? ಒಂದೂ ತಿಳಿಯದು. ಕೇಳೋಣವೆಂದರೆ ನಾಲಿಗೆ ಖಾಲಿಯಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತ ನಿಂತರು. ಇತ್ತ ಮಕ್ತುಂಸಾಬ ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸಿದ; ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮಕ್ತುಂಸಾಬನನ್ನೂ ಕೂಡಿಸಿಕೊಂಡು ಹೊರಟರೆ ಜೀಪು ಸಲೀಸಾಗಿ ಗುಡ್ಡ ಹತ್ತಿತು.

"ಅಲ್ಲೋ, ಪರೀಕ್ಷೆಗೆ ಅರ್ಧ ತಾಸು ಬೇಕೇನು?"

"ಪರೀಕ್ಷೆಗೆ ಒಂದ ನಿಮಿಷ ಸಾಕಿತ್ರಿ. ಉಳಿದದ್ದು ನನ್ನ ಕೆಲಸಕ್ಕ ಬೇಕಿತ್ತು."