ಕಂಬಿಗೆ ಕಟ್ಟಿದ ಗಂಟು

“ಗುರುಗಳೇ, ಒಬ್ಬನೇ ಹೋಗಿ ಒಬ್ಬನೇ ಬರುವವನು ಯಾರಿಗೆ ಹೇಳಿ ಹೋಗಬೇಕು?”

ಕೇಳಿದವನ ಹೆಸರು ಶಾಂತಯ್ಯ. ಶಾಂತಿ ಇದ್ದದ್ದು ಹೆಸರಿನಲ್ಲಿ ಮಾತ್ರ. ಮಠದಲ್ಲಿ ಯಾರಿಗೂ ಒಂದು ಮಾತು ಹೇಳದೆ ಎದ್ದು ಹೋಗಿ, ಊರೂರು ತಿರುಗಿ, ಅಂದು ಮಧ್ಯಾಹ್ನ ಹಿಂದಿರುಗಿದ್ದ. ಬಂದವನೇ ಕೈಕಾಲು ತೊಳೆದು ಪಂಕ್ತಿಯಲ್ಲಿ ಕುಳಿತ. ಅಡುಗೆಯ ಗಂಗವ್ವ ಮುದುಕಿ. ಮಠದ ಕೊನೆಯ ಎಲೆ ಎದ್ದ ಮೇಲೆಯೇ ತಾನು ಉಣ್ಣುವವಳು. ಅವಳು ಇವನನ್ನು ನೋಡಿದಳು, ಸೌಟನ್ನು ಪಾತ್ರೆಯೊಳಗೆ ಕುಕ್ಕಿದಳು. “ಇದು ಮಠ ಐತಿ, ಸಂತಿ ಕಟ್ಟಿ ಅಲ್ಲ,” ಎಂದು ಎಲ್ಲರೆದುರು ಅಂದು, ಇವನ ಎಲೆಗೆ ಬಡಿಸದೆ ಒಳಗೆ ಹೋದಳು. ಶಾಂತಯ್ಯ ಎಲೆ ಬಿಟ್ಟು ಎದ್ದು ನೇರ ಗುರುಗಳ ಬಳಿ ಬಂದಿದ್ದ.

ತಾನು ಮನೆಮಾರು ಬಿಟ್ಟವನು, ತನಗೆ ಹಿಂದಿಲ್ಲ ಮುಂದಿಲ್ಲ, ತನ್ನನ್ನು ತಡೆದು ಕೇಳುವ ಅಧಿಕಾರ ಅಡುಗೆಯವಳಿಗೆ ಯಾರು ಕೊಟ್ಟರು ಎಂದು ಅವನು ಹೇಳುತ್ತಲೇ ಇದ್ದ. ಗುರುಗಳು ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆಯೇ ಅವನ ಮಾತು ಮುಗಿಯುವವರೆಗೆ ಕೇಳಿದರು. ಮುಗಿದ ಮೇಲೆ ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ಪ್ರಯಾಣಿಕನಿದ್ದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದ ಅಂಗಡಿಯನ್ನು ಮಾರಿ, ಸಮುದ್ರದ ದಂಡೆಯ ಒಂದು ಬಂದರು ಪಟ್ಟಣಕ್ಕೆ ಬಂದು ಕೋಣೆ ಹಿಡಿದ. ಬೆಳಿಗ್ಗೆ ಎದ್ದು ಒಬ್ಬನೇ ಲಾಂಚು ಹತ್ತುವುದು, ಒಂದು ಬಂದರಿಗೆ ಹೋಗುವುದು, ಸಂಜೆಯ ಲಾಂಚಿಗೆ ಮರಳುವುದು. ಮರುದಿನ ಇನ್ನೊಂದು ಬಂದರು. ಒಂದು ಕಡೆ ದೀಪಸ್ತಂಭ, ಒಂದು ಕಡೆ ಹಡಗು ಕಟ್ಟುವವರ ಕೇರಿ, ಒಂದು ಕಡೆ ಮೀನಿನ ಹರಾಜು. ನೋಡುವನು, ತಿನ್ನುವನು, ಬರುವನು. ಯಾರ ಹೆಸರನ್ನೂ ಕೇಳನು, ತನ್ನ ಹೆಸರನ್ನೂ ಹೇಳನು.

ಇದನ್ನು ಅವನು ದೊಡ್ಡ ಸಿದ್ಧಿ ಎಂದುಕೊಂಡಿದ್ದ. ಉಳಿದವರು ಮಕ್ಕಳ ಬಗ್ಗೆ ಕೊಚ್ಚಿಕೊಳ್ಳುವ ಹಾಗೆ ಇವನು ತನ್ನ ಒಂಟಿತನದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ. ನಾಳೆ ನಾನು ಕಾಣೆಯಾದರೆ ಹುಡುಕುವ ನರಪಿಳ್ಳೆ ಈ ಲೋಕದಲ್ಲಿಲ್ಲ ಎಂದು ಚಹಾದಂಗಡಿಯವನ ಹತ್ತಿರ ಹೇಳುವನು. ಅಂಗಡಿಯವನು ಪಾಪ, ಇದಕ್ಕೆ ಮರುಗಬೇಕೋ ಹೊಗಳಬೇಕೋ ತಿಳಿಯದೆ ಲೋಟ ತೊಳೆಯುವನು.

ಒಬ್ಬನೇ ಹೋಗುತ್ತಿದ್ದ ಎಂದೆ. ಅದು ಪೂರ್ತಿ ನಿಜವಲ್ಲ. ಸಿಟ್ಟು ಅವನ ಜೊತೆಗೇ ಹೋಗುತ್ತಿತ್ತು. ಅದಕ್ಕೆ ಟಿಕೆಟ್ಟಿಲ್ಲ. ಲಾಂಚು ತಡವಾದರೆ ಸಿಟ್ಟು, ಪಕ್ಕದವನ ಬುಟ್ಟಿ ಮೊಣಕಾಲಿಗೆ ತಾಗಿದರೆ ಸಿಟ್ಟು, ಯಾರಾದರೂ ಯಾವೂರಾಯಿತು ಎಂದು ಕೇಳಿದರೆ ಇನ್ನೂ ಸಿಟ್ಟು. ಯಾರ ಹಂಗೂ ಇಲ್ಲದವನಿಗೆ ಎಲ್ಲರ ಮೇಲೂ ಇಷ್ಟು ಸಿಟ್ಟು ಎಲ್ಲಿಂದ ಬರಬೇಕು? ಅವನು ಅದನ್ನು ಯೋಚಿಸಲಿಲ್ಲ. ನೀನೂ ಯೋಚಿಸಿದಂತೆ ಕಾಣುವುದಿಲ್ಲ.

ಒಂದು ದಿನ ಅವನು ಒಂದು ದ್ವೀಪಕ್ಕೆ ಹೊರಟ. ಅಲ್ಲಿ ಹಳೆಯ ಕೋಟೆಯಿತ್ತು, ಕೋಟೆಯ ಕೆಳಗೆ ಪಾಚಿ ಕಟ್ಟಿದ ಬಂಡೆಗಳಿದ್ದವು. ಸಂಜೆ ನೀರು ಏರಿದರೆ ಆ ಬಂಡೆಗಳು ಮುಳುಗುತ್ತವೆ. ಹಿಂದೆ ಅಲ್ಲಿ ಹೊರಗಿನವರು ಸಿಕ್ಕಿಕೊಂಡು ಸತ್ತಿದ್ದರು. ಅಂದಿನಿಂದ ಆ ಲಾಂಚಿನಲ್ಲಿ ಒಂದು ಪದ್ಧತಿ ಬಂದಿತ್ತು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಪ್ರತಿಯೊಬ್ಬನ ಹೆಸರಿನಲ್ಲಿ ಲಾಂಚಿನ ಕಂಬಿಗೆ ತೆಂಗಿನ ನಾರಿನ ಒಂದು ಹುರಿ ಕಟ್ಟುತ್ತಾರೆ. ಸಂಜೆ ಬಂದವನು ತನ್ನ ಗಂಟನ್ನು ತಾನೇ ಬಿಚ್ಚಬೇಕು. ಎಲ್ಲ ಗಂಟು ಬಿಚ್ಚುವವರೆಗೆ ಲಾಂಚು ದ್ವೀಪ ಬಿಡುವುದಿಲ್ಲ. ಒಬ್ಬನ ಗಂಟನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಸತ್ತವನ ಗಂಟನ್ನು ಮಾತ್ರ ತಂಡೇಲ, ಎಂದರೆ ಲಾಂಚು ನಡೆಸುವ ಯಜಮಾನ, ತನ್ನ ಕೈಯಾರೆ ಬಿಚ್ಚುತ್ತಾನೆ. ಬಿಚ್ಚಿದ ಮೇಲೆಯೇ ಆ ಲಾಂಚು ಮತ್ತೆ ನೀರಿಗೆ ಹೊರಡುವುದು.

ತಂಡೇಲ ಇದನ್ನು ಪ್ರಯಾಣಿಕನಿಗೆ ಬಿಡಿಸಿ ಹೇಳಿ, ಸಂಜೆ ವಾಪಸು ಬರುತ್ತೀರಾ ಎಂದು ಕೇಳಿದ. ಪ್ರಯಾಣಿಕನಿಗೆ ನಗು ಬಂತು. ಕಂಬಕ್ಕೆ ಕಟ್ಟಲು ತಾನೇನು ಆಡೇ ಎಂದುಕೊಂಡ. ಬೇಗ ಹೊರಟರೆ ಸಾಕೆಂದು, “ಬರ್ತೇನೆ, ಬರ್ತೇನೆ,” ಎಂದ. ತಂಡೇಲ ಕಂಬಿಗೆ ಒಂದು ಹುರಿ ಕಟ್ಟಿದ.

ಲಾಂಚು ಹೊರಡಲಿಲ್ಲ. ಒಬ್ಬ ಹೆಂಗಸು ಲಾಂಚು ನಿಲ್ಲುವ ಧಕ್ಕೆಯ ಮೇಲೆ ಓಡಿ ಬರುತ್ತಿದ್ದಳು. ಎಲ್ಲರೂ ಅವಳಿಗಾಗಿ ಕಾದರು. ಅವಳು ಹತ್ತಿ ಏದುಸಿರು ಬಿಡುತ್ತ ಕುಳಿತಾಗ ಪ್ರಯಾಣಿಕ ತಡೆದುಕೊಳ್ಳಲಿಲ್ಲ. ಒಬ್ಬಳಿಗಾಗಿ ಇಷ್ಟು ಜನ ಕೊಳೆಯಬೇಕೇ, ಮನೆಯಲ್ಲಿ ಗಡಿಯಾರ ಇಲ್ಲವೇ ಎಂದು ಬಾಯಿಗೆ ಬಂದಂತೆ ಬೈದ. ಅವಳು ತಿರುಗಿ ಜಗಳಕ್ಕೆ ಬರಲಿಲ್ಲ. ಅಪ್ಪನಿಗೆ ಕೊನೆಗಾಲ, ನಾಲಿಗೆ ಬಿದ್ದುಹೋಗುತ್ತಿದೆ, ಮಗನ ಹೆಸರೊಂದನ್ನು ಬಿಟ್ಟರೆ ಬೇರೆ ಮಾತು ಬರುತ್ತಿಲ್ಲ ಎಂದು ಪಕ್ಕದವರಿಗೆ ಹೇಳಿದಳು. ಆ ಮಗ, ಅವಳ ತಮ್ಮ, ಅಪ್ಪನ ಮೇಲೆ ಮುನಿದು ಮನೆ ಬಿಟ್ಟು ದ್ವೀಪದಲ್ಲಿ ಬಲೆ ಹೆಣೆದುಕೊಂಡಿದ್ದ. ಅವನನ್ನು ಹೇಗಾದರೂ ಒಪ್ಪಿಸಿ ಸಂಜೆಯ ಲಾಂಚಿಗೆ ಕರೆತರಬೇಕು. ರಾತ್ರಿಯನ್ನು ಅಪ್ಪ ದಾಟುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ಪ್ರಯಾಣಿಕ ಇದನ್ನು ಕೇಳಿಸಿಕೊಂಡ. ಕೇಳಿಸಿಕೊಂಡು ಮುಖ ಸಮುದ್ರದ ಕಡೆ ತಿರುಗಿಸಿದ.

ಅವನು ಕೋಟೆ ನೋಡಿದ, ಬಂಡೆಗಳ ಮೇಲೂ ಒಂದಷ್ಟು ಹೊತ್ತು ಅಡ್ಡಾಡಿದ. ಬೇಸರ ಬಂದು, ಸಂಜೆ ಎಲ್ಲರಿಗಿಂತ ಮೊದಲೇ ದ್ವೀಪದ ಧಕ್ಕೆಗೆ ಬಂದ. ಲಾಂಚು ನಿಂತಿತ್ತು. ಕೆಲವರು ಬಂದು ಗಂಟು ಬಿಚ್ಚಿ ಕುಳಿತಿದ್ದರು. ಆ ಹೆಂಗಸು ಇನ್ನೂ ಬಂದಿರಲಿಲ್ಲ. ಮತ್ತೆ ಇವಳಿಗೇ ಕಾಯಬೇಕಲ್ಲ ಎಂದು ಅವನ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಒಬ್ಬ ವ್ಯಾಪಾರಿಯ ಮೋಟಾರು ದೋಣಿ ಪಟ್ಟಣಕ್ಕೆ ಹೊರಟಿತು. ಜಾಗ ಇದೆ, ಬರುವುದಾದರೆ ಬನ್ನಿ ಎಂದು ವ್ಯಾಪಾರಿ ಕರೆದ. ಪ್ರಯಾಣಿಕ ಹತ್ತಿ ಕುಳಿತ.

ದೋಣಿ ಲಾಂಚಿನ ಪಕ್ಕದಲ್ಲೇ ಹಾದುಹೋಯಿತು. ಕಂಬಿಯ ಮೇಲಿದ್ದ ತನ್ನ ಗಂಟು ಅವನಿಗೆ ಕಾಣಿಸಿತು. ತಂಡೇಲ ಬಗ್ಗಿ ಎಂಜಿನ್ ನೋಡುತ್ತಿದ್ದ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಸಿಟ್ಟಿನವನ ಬಾಯಿ ಬಯ್ಯಲು ಏಳುತ್ತದೆ, ಹೇಳಲು ಏಳುವುದಿಲ್ಲ. ಕಾಯುವ ಚಟ ಇದ್ದವರು ಕಾಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡ. ಹಾಗೆ ಅಂದುಕೊಂಡದ್ದರಲ್ಲಿ ಅವನಿಗೆ ಸ್ವಲ್ಪ ಸುಖವೂ ಆಯಿತು. ಕೋಣೆಗೆ ಬಂದು ಉಂಡು, ಕಂಬಳಿ ಎಳೆದುಕೊಂಡು ಚೆನ್ನಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ದ್ವೀಪದಾಚೆಯ ಮತ್ತೊಂದು ಬಂದರಿಗೆ ಹೋಗಲು ಧಕ್ಕೆಗೆ ಬಂದರೆ ಅದೇ ಲಾಂಚು ಕಟ್ಟಿಹಾಕಿತ್ತು. ಟಿಕೆಟ್ಟು ಕೊಡುವವನು ಕಿಟಕಿ ಮುಚ್ಚಿದ್ದ. ಜನ ಗುಂಪಾಗಿ ನಿಂತಿದ್ದರು, ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಪ್ರಯಾಣಿಕ ಮಾತ್ರ ಗಟ್ಟಿಯಾಗಿ ಮಾತಾಡಿದ. ಇದು ಯಾವ ಸೀಮೆಯ ಬಂದರು, ಹೇಳುವವರು ಕೇಳುವವರು ಇಲ್ಲವೇ, ಇವತ್ತು ಯಾವ ಪುಣ್ಯಾತ್ಮನಿಗಾಗಿ ಕಾಯುತ್ತಿದ್ದೀರಿ ಎಂದು ಕೂಗಾಡಿದ.

ಜನ ತಿರುಗಿ ನೋಡಿದರು. ಒಬ್ಬ ಹಮಾಲಿ, ಇವನೇ ಅಲ್ಲವೇ ಎಂದ. ಗುಂಪು ಎರಡಾಗಿ ದಾರಿ ಬಿಟ್ಟಿತು. ತಂಡೇಲ ಕಂಬಿಯ ಹತ್ತಿರ ನಿಂತಿದ್ದ. ಅವನ ಕಣ್ಣು ಕೆಂಪಾಗಿದ್ದವು, ಕೈ ಆ ಉಳಿದ ಒಂದು ಗಂಟಿನ ಮೇಲಿತ್ತು. ಅವನು ಬಂದು ಪ್ರಯಾಣಿಕನ ಭುಜ ಮುಟ್ಟಿ ನೋಡಿದ. ಆಮೇಲೆ ನಡೆದದ್ದನ್ನು ಹೇಳಿದ.

ಹೆಂಗಸು ತಮ್ಮನನ್ನು ಕರೆದುಕೊಂಡು ಹೊತ್ತಿಗೆ ಸರಿಯಾಗಿಯೇ ಬಂದಿದ್ದಳು. ಎಲ್ಲರ ಗಂಟು ಬಿಚ್ಚಿತ್ತು, ಒಂದು ಉಳಿದಿತ್ತು. ಬಂಡೆಗಳ ಮೇಲೆ ಅಡ್ಡಾಡುತ್ತಿದ್ದವನನ್ನು ಕಂಡವರಿದ್ದರು, ದೋಣಿ ಹತ್ತಿದವನನ್ನು ಕಂಡವರಿರಲಿಲ್ಲ. ನೀರು ಏರುತ್ತಿತ್ತು. ಕೂಗಿದರು, ಕೋಟೆ ಹತ್ತಿದರು, ಬಂಡೆಗಳ ಸಂದಿಯಲ್ಲಿ ಲಾಂದ್ರ ಹಿಡಿದು ಇಳಿದರು. ಇಳಿದವರಲ್ಲಿ ಆ ತಮ್ಮನೂ ಇದ್ದ, ಚಿಪ್ಪು ತಾಗಿ ಅವನ ಪಾದ ಸೀಳಿತ್ತು. ಸಾಕು, ಹೊರಡು ಎಂದು ಲಾಂಚಿನಲ್ಲಿದ್ದವರು ಕೂಗಿದರು. ಎಲ್ಲರಿಗಿಂತ ಅವಸರ ಇದ್ದದ್ದು ಆ ಹೆಂಗಸಿಗೆ, ಅವಳು ಬಿಡು ಎಂದರೆ ಪದ್ಧತಿ ಮುರಿದಾದರೂ ಲಾಂಚು ಬಿಡುತ್ತೇನೆ ಎಂದು ತಂಡೇಲ ಹೇಳಿದ.

“ಅವಳು ನಿಮಗೆ ಹಿಡಿಹಿಡಿ ಶಾಪ ಹಾಕಿದಳು,” ಎಂದ ತಂಡೇಲ. “ಹಾಕಿ, ಕಲ್ಲಿನ ಮೇಲೆ ಒಬ್ಬನನ್ನ ಬಿಟ್ಟು ಹೋಗಿ ಅಪ್ಪನ ಮುಂದೆ ಹೇಗೆ ಕೂತುಕೊಳ್ಳಲಿ, ಹುಡುಕಿ ಅಂದಳು.”

ಹುಡುಕಿದರು. ಕೊನೆಗೆ ಬಂಡೆಗಳೇ ಕಾಣದಂತೆ ನೀರು ತುಂಬಿದ ಮೇಲೆ, ಹುಡುಕುವ ಕೆಲಸವನ್ನು ದ್ವೀಪದ ಮೀನುಗಾರರಿಗೆ ಒಪ್ಪಿಸಿ, ಆ ಗಂಟನ್ನು ಬಿಚ್ಚದೆಯೇ ಹೊರಟರು. ಅಕ್ಕ ತಮ್ಮ ಇಬ್ಬರೂ ಮನೆ ಮುಟ್ಟುವಾಗ ಅಪ್ಪನ ಮೇಲೆ ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಕೊನೆಯವರೆಗೂ ಅವನು ಬಾಗಿಲ ಕಡೆಗೇ ನೋಡುತ್ತಿದ್ದನಂತೆ.

ಇಷ್ಟು ಕೇಳಿದ ಮೇಲೂ ಪ್ರಯಾಣಿಕನಿಗೆ ಮೊದಲು ಬಂದದ್ದು ಸಿಟ್ಟೇ. ತಪ್ಪು ಸಿಕ್ಕಿಬಿದ್ದಾಗ ಸಿಟ್ಟಿಗಿಂತ ಹತ್ತಿರದ ನೆಂಟ ಮನುಷ್ಯನಿಗೆ ಬೇರೆ ಇಲ್ಲ.

“ನನಗಾಗಿ ಕಾಯಿರಿ ಅಂತ ನಿಮಗೆ ಯಾರು ಹೇಳಿದರು?” ಎಂದ.

“ನೀವೇ. ಬರ್ತೇನೆ ಅಂದಿರಲ್ಲ,” ಎಂದ ತಂಡೇಲ. “ಬೆಳಗಿನಿಂದ ಈ ಗಂಟಿಗೆ ಕೈ ಹಾಕಿ ನಿಂತಿದ್ದೇನೆ. ನಿಮ್ಮನ್ನ ಸತ್ತವರ ಲೆಕ್ಕಕ್ಕೆ ಸೇರಿಸಲಿಕ್ಕೆ ಕೈ ಬರಲಿಲ್ಲ. ಮೊದಲು ಆ ಮನೆಗೆ ಹೋಗಿ ಮುಖ ತೋರಿಸಿ.”

ಪ್ರಯಾಣಿಕ ಹೋದ. ಹೋಗದೆ ಇರಬಹುದಿತ್ತು, ಅವನ ಕೋಣೆ ಇನ್ನೊಂದು ದಿಕ್ಕಿಗಿತ್ತು. ಕಾಲು ಯಾಕೋ ಆ ಕಡೆಗೇ ನಡೆದವು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಆ ಹೆಂಗಸಿನ ತಮ್ಮ, ಗಾಯದ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಿದಿರು ಸೀಳುತ್ತಿದ್ದ. ಇವನನ್ನು ಕಂಡು ಕತ್ತಿ ಕೆಳಗಿಟ್ಟು, ಕುಂಟುತ್ತ ಎದ್ದು ಬಂದು ಕೆನ್ನೆಗೆ ಒಂದು ಬಿಟ್ಟ. ಯಾರೂ ತಡೆಯಲಿಲ್ಲ. ಪ್ರಯಾಣಿಕ ಕೈ ಎತ್ತಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಬರಬೇಕಾದ ಕಡೆ ಬರಲಿಲ್ಲ.

ಸದ್ದಿಗೆ ಹೆಂಗಸು ಹೊರಗೆ ಬಂದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಸತ್ತಿಲ್ಲವಾ ನೀನು?” ಎಂದಳು.

ಅವನು ಇಲ್ಲವೆಂದು ತಲೆಯಾಡಿಸಿದ.

“ಹಾಗಾದ್ರೆ ಹೋಗಿ ಗಂಟು ಬಿಚ್ಚು. ನಮ್ಮ ದೊಡ್ಡಪ್ಪನ ಮನೆಯವರು ದ್ವೀಪದಲ್ಲಿ ಕಾಯ್ತಾ ಇದ್ದಾರೆ. ಲಾಂಚು ಹೋಗಿ ಅವರು ಬಂದ ಮೇಲೆ ಅಪ್ಪನ್ನ ಎತ್ತಬೇಕು.”

ಅವನು ಧಕ್ಕೆಗೆ ಮರಳಿದ. ನಾರಿನ ಹುರಿ ರಾತ್ರಿಯ ನೀರು ಕುಡಿದು ಬಿಗಿದುಕೊಂಡಿತ್ತು. ಮಂಡಿಯೂರಿ ಕುಳಿತು ಉಗುರು ಹಾಕಿದ, ಉಗುರು ಮುರಿಯಿತು. ಹಲ್ಲು ಹಾಕಿ ಎಳೆದ. ಧಕ್ಕೆಯ ಜನರೆಲ್ಲ ನೋಡುತ್ತ ನಿಂತಿದ್ದರು. ಕತ್ತಿ ಇದ್ದವರು ಅಲ್ಲಿ ಬಹಳ ಮಂದಿ ಇದ್ದರು, ಯಾರೂ ಕೊಡಲಿಲ್ಲ. ಅವನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಗಂಟು ಸಡಿಲವಾಯಿತು. ಲಾಂಚು ಹೊರಟಿತು. ಅವನು ಆ ಹುರಿಯನ್ನು ಕೈಯಲ್ಲಿ ಹಿಡಿದು ಅಲ್ಲೇ ಕುಳಿತ.

ಗುರುಗಳು ಕತೆ ನಿಲ್ಲಿಸಿ ಬತ್ತಿಗಳನ್ನು ತಟ್ಟೆಯಲ್ಲಿ ಜೋಡಿಸಿದರು.

ಶಾಂತಯ್ಯನ ಮುಖ ಇನ್ನೂ ಕೆಂಪಾಗಿಯೇ ಇತ್ತು. ಈ ಕತೆ ತನಗೆ ಒಪ್ಪುವುದಿಲ್ಲ ಎಂದ. “ಅವನು ಬರುತ್ತೇನೆ ಎಂದು ಬಾಯಿಬಿಟ್ಟು ಮಾತು ಕೊಟ್ಟಿದ್ದ. ನಾನು ಈ ಮಠದಲ್ಲಿ ಯಾರಿಗೂ ಮಾತು ಕೊಟ್ಟು ಹೋದವನಲ್ಲ. ನನಗಾಗಿ ಇಲ್ಲಿ ಯಾವ ಗಂಟೂ ಇರಲಿಲ್ಲ.”

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

“ನೀನು ಹೋದಂದಿನಿಂದ ಪ್ರತಿ ರಾತ್ರಿ ನಿನ್ನ ಎಲೆ ಹಾಕಿಯೇ ಇತ್ತು, ಗಂಗವ್ವ ಉಂಡಿಲ್ಲ.”